ಉಡುಗೊರೆ ಚೀಟಿ

ವಿದೇಶಕ್ಕೆ ಹೋಗುವ ಸಣ್ಣ ಪಾರ್ಸಲ್‌ಗಳಿಗೂ ನಾಡಿದ್ದಿನಿಂದ ಅಲ್ಲಿ ಸುಂಕ. ಆನ್‌ಲೈನ್ ಅಂಗಡಿಯ ಯಜಮಾನ ಮರದ ಬೊಂಬೆಗಳ ಪೆಟ್ಟಿಗೆಗಳನ್ನೆಲ್ಲ ಕೆಲಸದಾಳು ಚಿಕ್ಕಲಿಂಗನ ಮುಂದೆ ಒಟ್ಟಿ, ಅಚ್ಚಾದ ಚೀಟಿಗಳ ಕಂತೆ ಕೊಟ್ಟ.

"ಎಲ್ಲದಕ್ಕೂ ಉಡುಗೊರೆ ಅನ್ನೋ ಚೀಟಿ ಅಂಟಿಸ್ಬುಡ್ಲಾ. ಉಡುಗೊರೆಗೆ ಸುಂಕ ಇಲ್ವಂತೆ."

"ಮುನ್ನೂರು ಪೆಟ್ಟಿಗೆನೂ ಉಡುಗೊರೆನಾ? ಸಿಕ್ಕಾಕ್ಕೊಂಡ್ರೆ ಜೈಲೇ ಗತಿ ಕಣಣ್ಣ!"

"ನಿಂಗ್ಯಾಕ್ಲಾ ಆ ಉಸಾಬರಿ?"

ಹೋದ ತಿಂಗಳು ಸಂಬಳದ ಕಾಗದವೆಂದು ಏಳೆಂಟು ಕಡೆ ಅವನ ಸಹಿ ಹಾಕಿಸಿಕೊಂಡಾಗಲೂ ಯಜಮಾನ ಹೀಗೇ ಅಂದಿದ್ದ. ಚಿಕ್ಕಲಿಂಗನಿಗೆ ಮೈಯೆಲ್ಲ ಉರಿಯಿತು. ಕಂತೆಯನ್ನು ನೆಲಕ್ಕೆ ಬಿಸಾಡಿದ.

"ಈಗ್ಲೇ ಹೋಗಿ ಕಸ್ಟಮ್ಸ್‌ನೋರ್ಗೆ ಹೇಳ್ತೀನಿ. ಅಂಗಡಿ ಮಾಲೀಕನ ಕೈಗೆ ಕೋಳ ಹಾಕಿಸ್ದೆ ಬಿಡಲ್ಲ!"

ಯಜಮಾನ ನಕ್ಕ. ಬಗ್ಗಿ ಒಂದು ಚೀಟಿ ಎತ್ತಿ ಅವನ ಕೈಗಿಟ್ಟ.

"ಹೋಗಪ್ಪ, ಹಾಕಿಸು. ಮಾಲೀಕನ ಹೆಸ್ರು ಮಾತ್ರ ಓದ್ಕೊಂಡು ಹೋಗು."

ಚಿಕ್ಕಲಿಂಗ ಓದಿದ. ತನ್ನದೇ ಹೆಸರು, ತನ್ನದೇ ಸಹಿ.