ಕೊನೆಯ ಸಾಲು

ಪರೀಕ್ಷೆಗಿಟ್ಟ ಕಂಪ್ಯೂಟರ್ ಯಂತ್ರ ಗಕ್ಕನೆ ನಿಂತಿತು. ಕೊನೆಯ ಸಾಲು ಮಾತ್ರ ಬರದೇ ಇರಲಿ ಎಂದು ಅಣ್ಣ ಪರದೆಯನ್ನೇ ದಿಟ್ಟಿಸಿದ. ಯಂತ್ರ ಕುಸಿದುಬೀಳುವಾಗ ಅದರ ಮೂಲ ತಂತ್ರಾಂಶವಾದ ಕರ್ನೆಲ್ ಕೊನೆಯ ಸಾಲಿನಲ್ಲಿ ತಿಳಿಸಬೇಕಾದ ಕಾರಣವು ಹತ್ತು ವರ್ಷದಿಂದ ಪರದೆ ಮುಟ್ಟುವ ಮೊದಲೇ ಯಂತ್ರದ ಜೊತೆ ಸಾಯುತ್ತಿತ್ತು. ಅವನ ಕೈಲಾಗದ್ದನ್ನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ತಂಗಿ ಸರಿಮಾಡಿದ್ದಳಂತೆ!

ಸಾಲು ತಕ್ಷಣ ಬಂತು. ಅದರ ಪ್ರಕಾರ ತಪ್ಪು ಇದ್ದದ್ದು ಅಣ್ಣನೇ ಬರೆದ ಫೈಲಿನಲ್ಲಿ.

"ಏನಂತೆ? ಯಾರ ಫೈಲು?" ಎನ್ನುತ್ತಾ ಮೇಲಧಿಕಾರಿ ಕುರ್ಚಿ ಬಿಟ್ಟು ಎದ್ದರು.

ಪಕ್ಕದಲ್ಲಿದ್ದ ತಂಗಿ ಥಟ್ಟನೆ ಆ ಸಾಲಿನ ಮೇಲೆ ಅಂಗೈ ಇಟ್ಟಳು. "ಏನೂ ಬಂದಿಲ್ಲ ಸಾರ್. ನಾನು ಮಾಡಿದ್ದು ಕೆಲಸ ಮಾಡ್ತಿಲ್ಲ."

ಅಣ್ಣ ಅವಳತ್ತ ತಿರುಗಿದ. ಈ ದೊಡ್ಡತನವೂ ಇವಳ ಪಾಲಿಗೇ ಹೋಗಬೇಕಾ? ಅವಳ ಕೈಯನ್ನು ಎಳೆದು ಸರಿಸಿದ.

"ಬಂದಿದೆ ಸಾರ್, ಓದಿ. ನನ್ನದೇ ಫೈಲು."