ಉಳಿದ ಒಂದು ಜಾಗ

ಹೊಸ ಕೋಚ್ ಮಾಚಯ್ಯ ಬಂದ ವಾರದಲ್ಲೇ ಫುಟ್‌ಬಾಲ್ ಕ್ಲಬ್ಬಿನ ಆರು ಆಟಗಾರರು ಕೆಲಸ ಕಳೆದುಕೊಂಡಿದ್ದರು. ಏಳನೆಯವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಕೋಚ್ ಕರೆಯುತ್ತಿದ್ದಾರೆ ಎಂದಾಗ ಕ್ಯಾಪ್ಟನ್ ಸೆಲ್ವರಾಜ್ ಬೂಟನ್ನೂ ಕಳಚದೆ ಅವರ ಕೋಣೆಗೆ ಹೋದ.

ಮಾಚಯ್ಯ ಬೋರ್ಡಿನ ಮೇಲೆ ಗೋಲಿನ ಮುಂದೆ ಮೂರು ಚುಕ್ಕೆ ಇಟ್ಟರು.

"ಇನ್ಮೇಲೆ ಹಿಂದೆ ಮೂರೇ ಜನ ಡಿಫೆಂಡರ್‌ಗಳು. ಇಬ್ಬರನ್ನ ಆಗಲೇ ಆರಿಸಿದ್ದೀನಿ. ಉಳಿದ ಒಂದು ಜಾಗಕ್ಕೆ ನೀವು, ಇಲ್ಲಾಂದ್ರೆ ಇಗ್ನೇಷಿಯಸ್. ಯಾರನ್ನ ಬಿಡ್ಲಿ, ಹೇಳಿ."

ಇಬ್ಬರೂ ಹನ್ನೆರಡು ವರ್ಷ ಅಕ್ಕಪಕ್ಕ ನಿಂತು ಆಡಿದ್ದರು. ಇಗ್ನೇಷಿಯಸ್ ತನ್ನ ಮಗಳಿಗೆ ಹೆಸರು ಆರಿಸಲು ಹೇಳಿದ್ದೂ ಸೆಲ್ವರಾಜನಿಗೇ.

"ನಾನೇ ಹೇಳ್ಬೇಕಾ ಸರ್?"

"ನೀವೇ. ಈಗಲೇ."

ಸೆಲ್ವರಾಜ್ ಬೋರ್ಡಿನ ಮೂರನೇ ಚುಕ್ಕೆಯತ್ತ ನೋಡಿದ.

"ಇಗ್ನೇಷಿಯಸ್ ಮೊದಲಿನಷ್ಟು ಓಡಲ್ಲ ಸರ್," ಎಂದ, ದನಿ ತಗ್ಗಿಸಿ. "ಮಂಡಿ ನೋವಿದೆ. ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಾನೆ."

ಮಾಚಯ್ಯ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

"ಬೆಳಿಗ್ಗೆ ಅವರನ್ನೂ ಇದನ್ನೇ ಕೇಳಿದ್ದೆ. 'ಸೆಲ್ವ ಇರ್ಲಿ ಸರ್, ನನ್ನನ್ನೇ ಬಿಡಿ' ಅಂದ್ರು."