ಹಗಲು ಪಹರೆ

“ಬೀಗದ ಕೈ ತಂದಿದ್ದೀನಿ ತಾತ. ಬನ್ನಿ, ವ್ಯಾನ್ ಹತ್ತಿ,” ಎಂದಳು ಕಾರ್ಯಕರ್ತೆ. ಮುದುಕ ಬೀಗದ ಕೈಯನ್ನು ನೋಡಿದ, ಆಕೆಯ ಮುಖ ನೋಡಿದ. ನಿಂತ ಜಾಗದಿಂದ ಮಾತ್ರ ಕದಲಲಿಲ್ಲ. “ಈಗಾಗಲ್ಲಮ್ಮ. ಪಹರೇಲಿದ್ದೀನಿ.”

ತಲೆಯ ಮೇಲೊಂದು ಸೂರಿಲ್ಲದ ಮಾಜಿ ಸೈನಿಕರನ್ನು ಹುಡುಕಿ ಮನೆ ಕೊಡಿಸುವುದು ಆಕೆಯ ಕೆಲಸ. ಮೇಲ್ಸೇತುವೆಯ ಕೆಳಗೆ ಬದುಕುತ್ತಿದ್ದ ಈ ಮಿಲಿಟರಿ ತಾತ ಆಕೆಯೊಡನೆ ನಾಲ್ಕು ಮಾತಾಡುವಂತಾಗಲು ಒಂದು ಮಳೆಗಾಲವೂ ಒಂದು ಚಳಿಗಾಲವೂ ಹಿಡಿದಿದ್ದವು. ಈಗ ಕೆಮ್ಮು ಅವನ ಎದೆಗಿಳಿದಿತ್ತು. ಇನ್ನೊಂದು ಚಳಿಯನ್ನು ಬಯಲಲ್ಲಿ ಕಳೆದರೆ ಜೀವ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಕೊನೆಗೂ ಒಂದು ಕೋಣೆ ಸಿಕ್ಕಿತ್ತು. ಇವತ್ತು ಸಂಜೆಯೊಳಗೆ ಅವನೇ ಹೋಗಿ ಬಾಗಿಲು ತೆಗೆಯದಿದ್ದರೆ ಅದು ಇನ್ನೊಬ್ಬರ ಪಾಲು.

“ಕಿಟಕಿ ಇದೆ ತಾತ. ನಲ್ಲಿ ಒಳಗೇ ಇದೆ. ಮಂಚಾನೂ ಹಾಕಿಸಿದ್ದೀನಿ.”

“ಬಾಗಿಲಿಗೆ ಚಿಲಕ?”

“ಹೊಸದೇ ಇದೆ.”

“ಇವರಿಗೆಲ್ಲಿದೆ?” ಎಂದ ಮುದುಕ. ಸೇತುವೆಯ ನೆರಳಿನಲ್ಲಿ, ರಾತ್ರಿಯೆಲ್ಲ ಮಾರುಕಟ್ಟೆಯಲ್ಲಿ ಮೂಟೆ ಹೊತ್ತವರು, ಬೀದಿ ಗುಡಿಸಿದವರು, ತರಕಾರಿ ಆರಿಸಿದವರು ಸಾಲಾಗಿ ಮಲಗಿದ್ದರು. ನಡು ಮಧ್ಯಾಹ್ನ ಅವರಿಗೆ ನಡುರಾತ್ರಿ.

ವ್ಯಾನಿನಿಂದ ಡ್ರೈವರ್ ಕತ್ತು ಹೊರಗೆ ಹಾಕಿದ. “ಅಕ್ಕಾ, ಯುದ್ಧ ಮುಗಿದು ಯಾವ ಕಾಲ ಆಯ್ತು ಅಂತ ತಾತಂಗೆ ಯಾರೂ ಹೇಳಿಲ್ವಾ?”

“ಹೇಳಿದ್ದಾರಪ್ಪ,” ಎಂದ ಮುದುಕ. “ನೀನು ಮೊದಲು ಎಂಜಿನ್ ಆರಿಸು. ಜನ ಮಲಗಿದ್ದಾರೆ.” ಡ್ರೈವರ್ ತೆಪ್ಪಗೆ ಆರಿಸಿದ.

ಇಂಥವರನ್ನು ಆಕೆ ಬಹಳ ಕಂಡಿದ್ದಳು. ಮುಚ್ಚಿದ ಬಾಗಿಲೆಂದರೆ ಬೆವರುವವರು, ಮಂಚ ಬಿಟ್ಟು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವವರು. ಈ ಪಹರೆಯೂ ಅದೇ ಜಾತಿಯದು ಎಂದುಕೊಂಡಳು. ಹಟ ಹಿಡಿದ ಮಗುವಿಗೆ ಹೇಳುವಂತೆ ಮೆಲ್ಲಗೆ, “ನಿಮ್ಮ ಬದಲಿಗೆ ಒಬ್ರು ಬರ್ತಾರೆ ತಾತ. ನೀವು ಹೊರಡಿ,” ಎಂದಳು.

“ಬರ್ತಾರೆ ಅಂದ್ರೆ ಬಂದ ಹಾಗಲ್ಲ ಮಗಳೇ. ಬಂದು ಈ ಜಾಗದಲ್ಲಿ ಕಾಲಿಡ್ಬೇಕು. ಆಮೇಲೇ ನಾನು ಕಾಲು ತೆಗೀಬೇಕು. ಪಹರೆ ಬದಲಾಯಿಸೋದು ಅಂದ್ರೆ ಅದು.”

ಅಷ್ಟರಲ್ಲಿ ಮಾರುಕಟ್ಟೆಯ ಕಡೆಯಿಂದ ಬಂದ ಲಾರಿಯೊಂದು, ತಿರುಗಿಸಿಕೊಳ್ಳಲು ರಸ್ತೆ ಸಾಲದೆ, ಹಿಂದುಹಿಂದಾಗಿ ಸೇತುವೆಯ ಕೆಳಕ್ಕೆ ನುಗ್ಗತೊಡಗಿತು. ಸಾಲಿನ ಅಂಚಿನಲ್ಲಿ ಒಬ್ಬ ಹೆಂಗಸು ಮಗುವನ್ನು ಅವುಚಿಕೊಂಡು ಮಲಗಿದ್ದಳು. ಕಾರ್ಯಕರ್ತೆ ಕೂಗಲು ಬಾಯಿ ತೆರೆದಳು. ಮುದುಕ ಓಡಲೂ ಇಲ್ಲ, ಕೂಗಲೂ ಇಲ್ಲ. ಎರಡು ಹೆಜ್ಜೆ ಮುಂದಿಟ್ಟು, ಲಾರಿಯ ಕನ್ನಡಿಯಲ್ಲಿ ಕಾಣುವಂತೆ ನಿಂತು, ಅಂಗೈ ಎತ್ತಿದ. ಲಾರಿಯ ಹಿಂಬದಿಯ ಎದೆಯೆತ್ತರದ ಹಲಗೆ ಅವನಿಗೆ ಗೇಣು ದೂರದಲ್ಲಿ ನಿಂತಿತು. ಆಮೇಲೆ ಬೆರಳಲ್ಲೇ ಅಷ್ಟು ಮುಂದೆ, ಇಷ್ಟು ಬಲಕ್ಕೆ ಎಂದು ತೋರಿಸಿ ಅದನ್ನು ರಸ್ತೆಗೆ ಕಳಿಸಿಕೊಟ್ಟ. ಹೆಂಗಸು ಹೊರಳಲಿಲ್ಲ. ಮಗುವಿನ ಬಾಯಲ್ಲಿದ್ದ ಹೆಬ್ಬೆರಳು ಬಾಯಲ್ಲೇ ಇತ್ತು. ತೊಟ್ಟಿಲ ಮೇಲಿನ ನೊಣ ಓಡಿಸುವ ತಾಯಿಯಷ್ಟು ಸದ್ದಿಲ್ಲದೆ ಅವನೊಂದು ಲಾರಿಯನ್ನು ಓಡಿಸಿದ್ದ.

“ದಿನಾ ಹೀಗೇನಾ?” ಎಂದಳು ಕಾರ್ಯಕರ್ತೆ.

“ಒಂದ್ಸಲ ಒಬ್ಬನ ಕಾಲ ಮೇಲೆ ಹತ್ತಿಬಿಡ್ತು. ಆಗ ಇಲ್ಲಿ ಪಹರೆ ಇರ್ಲಿಲ್ಲ.” ಅಷ್ಟು ಹೇಳಿ ಮುದುಕ ಹೆಗಲ ಮೇಲಿನ ಹಳೇ ಟವೆಲನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಕೆಮ್ಮಿದ. ಕೆಮ್ಮಿಗೂ ಸದ್ದಿರಲಿಲ್ಲ.

ಆಕೆ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟಳು. “ಬದಲಿ ಬಂದಿದ್ದೀನಿ ತಾತ. ಜಾಗ ಕೊಡಿ.”

“ಅಕ್ಕಾ, ನೀವಾ?” ಡ್ರೈವರ್ ಕೆಳಗಿಳಿದೇ ಬಂದ. “ಆಫೀಸಲ್ಲಿ ಕೇಳಿದ್ರೆ ಏನನ್ಲಿ?”

“ಪಹರೇಲಿದ್ದಾರೆ ಅನ್ನು.”

ಮುದುಕ ಆಕೆಯನ್ನು ಮುಡಿಯಿಂದ ಅಡಿಯವರೆಗೆ ನೋಡಿದ. “ದೀಪ ಹತ್ತೋ ಹೊತ್ತಿಗೆ ಎದ್ದು ಕೆಲ್ಸಕ್ಕೆ ಹೋಗ್ತಾರೆ. ಅಲ್ಲಿವರೆಗೂ ನಿಲ್ತೀಯಾ?”

“ನಿಲ್ತೀನಿ.”

“ಹಾಗಾದ್ರೆ ನಾನು ರಾತ್ರಿ ಅಲ್ಲಿ ಮಲಗಿ, ಬೆಳಿಗ್ಗೆ ಬಂದು ಜಾಗ ತಗೋತೀನಿ. ಮನೆ ಇದ್ದೋನೂ ಪಹರೆಗೆ ಬರಬಹುದಲ್ಲ?” ಆಮೇಲೆ ದನಿ ತಗ್ಗಿಸಿ ಒಬ್ಬೊಬ್ಬರನ್ನೇ ಒಪ್ಪಿಸಿದ. “ಕಂಬದ ಹತ್ರ ಇರೋನು ನಿದ್ದೇಲಿ ಎದ್ದು ನಡೀತಾನೆ. ಕೂಗ್ಬೇಡ, ಭುಜ ಹಿಡಿದು ತಿರುಗ್ಸು, ತಾನೇ ಬಂದು ಮಲಗ್ತಾನೆ. ಮಗು ಮುಖಕ್ಕೆ ಬಿಸಿಲು ಬಂದ್ರೆ ಆ ರಟ್ಟು ನಿಲ್ಸು. ಆ ಅಣ್ಣ ತಮ್ಮ ಜಗಳ ಆಡಿ ಮಲಗಿದ್ದಾರೆ. ಏಳೋವಾಗ ಮಧ್ಯೆ ನಿಂತಿರು, ಅಷ್ಟೇ ಸಾಕು.”

ಆಕೆ ಕಾಲಿಟ್ಟಳು. ಅವನು ಕಾಲು ತೆಗೆದ. ಮಡಚಲಾರದ ಮೊಳಕಾಲನ್ನು ಎಳೆದುಕೊಂಡು ಅವನು ವ್ಯಾನ್ ಹತ್ತುವಾಗ, ಡ್ರೈವರ್ ಯಾರೂ ಹೇಳದೆಯೇ ಬಾಗಿಲು ಹಿಡಿದು ನಿಂತ. ಆಮೇಲೆ ಎಂಜಿನ್ ಹಚ್ಚದೆ, ವ್ಯಾನನ್ನು ರಸ್ತೆಯವರೆಗೆ ಹೆಗಲು ಕೊಟ್ಟು ತಳ್ಳಿಕೊಂಡೇ ಹೋದ.

ಕಾರ್ಯಕರ್ತೆ ಕೈಕಟ್ಟಿ ನಿಂತು ಮಲಗಿದವರನ್ನು ಒಬ್ಬೊಬ್ಬರಾಗಿ ನೋಡತೊಡಗಿದಳು. ಎದೆ ತುಂಬಿ ಬಂದಿತ್ತು. ಆಗ ಸಾಲಿನ ಮಧ್ಯದಿಂದ ಬೀದಿ ಗುಡಿಸುವ ಅಜ್ಜಿಯೊಬ್ಬಳು ಹೊದಿಕೆಯನ್ನು ಕಣ್ಣು ಕಾಣುವಷ್ಟು ಸರಿಸಿದಳು.

“ರಸ್ತೆ ಕಡೆ ತಿರುಗಿ ನಿಲ್ಲು ತಾಯಿ. ತಾತ ಒಂದು ದಿನಾನೂ ನಮ್ಮನ್ನ ನೋಡ್ತಾ ನಿಂತೋನಲ್ಲ. ಅದಕ್ಕೇ ನಮಗೆ ನಿದ್ದೆ ಬರ್ತಿದ್ದಿದ್ದು.”